ಎರಡು ತುಕ್ಕು, ಒಂದು ಪಂಪು

ಕರಟಿದ ಕಾಫಿ ಎಲೆಯನ್ನು ಬೊಳ್ಳಮ್ಮ ಮೂಸಿ ನೋಡಿದಳು. ಎಂಜಿನ್ ಎಣ್ಣೆಯ ನಾತ! ಅವಳ ಮೈಯೆಲ್ಲ ಉರಿದುಹೋಯಿತು.

ಕಕ್ಕಬೆಯ ಆ ಕಲ್ಲುಗುಡ್ಡೆಯಲ್ಲಿ ಕಾಫಿ ಬಂದರೆ ಮೀಸೆ ಬೋಳಿಸುತ್ತೇನೆಂದು ಗಂಡ ದೇರಪ್ಪ ನಕ್ಕಿದ್ದ. ತವರಿನಿಂದ ಬೀಜ ತಂದು, ಸಸಿ ಮಾಡಿ, ಸೊಂಟದಲ್ಲಿ ನೀರು ಹೊತ್ತು ಬೆಳೆಸಿದವಳು ಇವಳು. ಕೊಡಗು ಮೈಸೂರಿಗೆ ಸೇರಿದ ವರ್ಷ ನೆಟ್ಟ ಗಿಡಗಳು ಈ ಸಲ ಮೊದಲ ಬಾರಿಗೆ ಮೈತುಂಬ ಮಿಡಿ ಕಚ್ಚಿದ್ದವು. ಮಳೆಗೆ ಮೊದಲು ಎಲೆಯ ತುಕ್ಕುರೋಗಕ್ಕೆ ಮೈಲುತುತ್ತ-ಸುಣ್ಣದ ಮದ್ದು ಹೊಡೆಯುವುದಷ್ಟೇ ಬಾಕಿಯಿತ್ತು.

ದೇರಪ್ಪನಿಗೆ ಬೇರೆ ತುಕ್ಕಿನ ಚಿಂತೆ. ಮಿಲಿಟರಿಯವರು ಬೇಡವೆಂದು ಬಿಟ್ಟ ಹಳೇ ಜೀಪನ್ನು ತಂದಿದ್ದನಲ್ಲ, ಪುಣ್ಯಾತ್ಮ! ಅದರ ಅಡಿಗೆ ಮಳೆನೀರು ತಾಗಬಾರದೆಂದು ಹಳೇ ಎಂಜಿನ್ ಎಣ್ಣೆಗೆ ಮೇಣ ಕರಗಿಸಿ ಹಾಕಿ, ಮನೆಯಲ್ಲಿದ್ದ ಒಂದೇ ಒಂದು ಮದ್ದಿನ ಪಂಪಿಗೆ ತುಂಬಿ, ಜೀಪಿನಡಿ ಮಲಗಿ ಸಿಂಪಡಿಸಿದ್ದ.

“ಪಂಪು ತೊಳ್ದಿದ್ದೀರಾ?” ಎಂದು ಅವಳು ಕೇಳಿಯೂ ಇದ್ದಳು.

“ತೊಳ್ದಾಯ್ತು ಮಾರಾಯ್ತಿ, ಎಷ್ಟು ಸಲ ಕೇಳ್ತೀಯ!”

ಆ ಮಾತು ನಂಬಿ ತಾನೇ ಪಂಪು ಹೊತ್ತು ಗಿಡಗಳಿಗೆ ಮದ್ದು ಹೊಡೆದಳು. ವಾರದೊಳಗೆ ಎಲೆ ಕರಟಿ, ಮಿಡಿಯೆಲ್ಲ ನೆಲಕ್ಕುದುರಿತು.

ಈಗ ಬೊಳ್ಳಮ್ಮ ಪಂಪಿನ ಮುಚ್ಚಳ ತೆಗೆದು ನೋಡಿದಳು. ಒಳಗೆಲ್ಲ ಕಪ್ಪು ಜಿಡ್ಡು. ಅದನ್ನೆತ್ತಿಕೊಂಡು ಅಂಗಳಕ್ಕೆ ಬಂದರೆ ಗಂಡ ಜೀಪಿನ ಗಾಜು ಒರೆಸುತ್ತಿದ್ದ.

“ಇದನ್ನೇನಾ ನೀವು ತೊಳ್ದದ್ದು? ಬಾಯಿ ಬಿಡಿ!”

“ನೀರು ಹಾಕಿ ಕುಲುಕಿದ್ದೆ. ಎಣ್ಣೆ ಹೋಗದಿದ್ರೆ ನಾನೆಂತ ಮಾಡ್ಲಿ? ನಾಲ್ಕು ಗಿಡಕ್ಕೆ ಇಷ್ಟು ರಂಪವಾ? ಜೀಪಿನಡಿ ನೋಡು ಬಾ, ಒಂದು ಚುಕ್ಕೆ ತುಕ್ಕಿಲ್ಲೆ!”

ನಾಲ್ಕು ಗಿಡವಂತೆ! ಅವನ ನಾಲಿಗೆಗೆ ಬರೆ ಹಾಕಬೇಕೆನಿಸಿತು ಅವಳಿಗೆ. ಪಂಪು ಹೊತ್ತು ಹಿತ್ತಿಲಿಗೆ ನಡೆದಳು.

ಬರೀ ತುತ್ತದ ನೀರು ಕಬ್ಬಿಣವನ್ನು ತಿನ್ನುತ್ತದೆಂದು ತೋಟದವರಿಗೆಲ್ಲ ಗೊತ್ತು. ಅದಕ್ಕೇ ಅದನ್ನು ಮರದ ಪೀಪಾಯಿಯಲ್ಲಿ ಕಲಸಿ, ಸುಣ್ಣ ಬೆರೆಸಿ ಅದರ ಖಾರ ಮುರಿಯುತ್ತಾರೆ. ಬೊಳ್ಳಮ್ಮ ಬಿಸಿನೀರು, ಸೀಗೆಪುಡಿ ಹಾಕಿ ಪಂಪನ್ನು ತಿಕ್ಕಿ ತಿಕ್ಕಿ ತೊಳೆದಳು. ಪೀಪಾಯಿಯಲ್ಲಿ ತುತ್ತ ಕರಗಿಸಿದಳು. ಸುಣ್ಣದ ಕಡೆ ತಿರುಗಿಯೂ ನೋಡಲಿಲ್ಲ.

ದೇರಪ್ಪ ಉಂಡು ಮಲಗಿದ್ದ. ಪಂಪಿನ ಸದ್ದಿಗೆ ಎದ್ದು ಹೊರಬಂದರೆ, ಜೀಪಿನೊಳಗೆ ಬಣ್ಣ ಎದ್ದುಹೋದ ತಗಡಿನ ಮೇಲೆಲ್ಲ ನೀಲಿ ನೀರು ಹರಿಯುತ್ತಿತ್ತು.

“ಅಯ್ಯೋ, ಎಂತ ಮಾಡ್ತಿದ್ದೀಯೇ! ತುತ್ತ ಅದು! ಜೀಪನ್ನೇ ತಿಂದುಬಿಡ್ತದೆ!”

“ಹೆದರ್ಬೇಡಿ,” ಎಂದಳು ಬೊಳ್ಳಮ್ಮ, ಸೀಟಿನಡಿಗೆ ಪಂಪು ತಿರುಗಿಸುತ್ತ. “ಪಂಪು ಚೆನ್ನಾಗಿ ತೊಳ್ದಿದ್ದೇನೆ.”