ನವಾರಿನ ಲಂಗೋಟಿ

ಎಪ್ಪತ್ತೆಂಟರ ಬೇಸಿಗೆ ಆಗಷ್ಟೇ ಬಲಿಯುತ್ತಿತ್ತು. ಯಲಹಂಕದ ಆಚೆ ಮುನಿಯಣ್ಣನ ದ್ರಾಕ್ಷಿ ತೋಟದಲ್ಲಿ ಬೆಳಗಿನಿಂದ ಗೊಂಚಲು ಕೊಯ್ಯುತ್ತಿದ್ದರು. ಅವನ ಹೆಂಡತಿ ಸೊಣ್ಣಮ್ಮ ಚಪ್ಪರದಡಿ ಕೂತು ಬುಟ್ಟಿಗೆ ಹುಲ್ಲು ಹಾಸುತ್ತಿದ್ದಾಗ ಬಾವಿಯ ಕಡೆಯಿಂದ ಕಲ್ಲು ಉರುಳಿದ ಸದ್ದು, ಅದರ ಹಿಂದೆಯೇ ಗಂಡನ ಕೂಗು ಕೇಳಿತು.

ಪಂಪಿನ ಪೈಪಿಗೆ ಸಿಕ್ಕಿದ ಕಸ ತೆಗೆಯಲು ಇಳಿದಿದ್ದ ಮುನಿಯಣ್ಣನ ಕಾಲಡಿ ಮೆಟ್ಟಿಲುಗಲ್ಲುಗಳೇ ಕಿತ್ತುಬಂದಿದ್ದವು. ಆರಾಳು ಆಳದ ಬಾವಿ. ನೀರಂಚಿನ ಬಂಡೆಯ ಮೇಲೆ ಬಿದ್ದಿದ್ದ. ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಹಗ್ಗ ಬಿಟ್ಟರೆ ಹಿಡಿಯುವ ತ್ರಾಣ ಅವನ ಕೈಯಲ್ಲಿರಲಿಲ್ಲ.

"ಸೊಂಟಕ್ಕೆ ಬಿಗ್ಕಂಡ್ರೆ ಎಳೀಬೋದು" ಎಂದ ಅವನ ತಮ್ಮ ಪಿಳ್ಳಪ್ಪ.

"ಹೊಟ್ಟಿ ಒತ್ತಿ ಉಸಿರ ಕಟ್ಟತೈತ್ರಿ" ಎಂದವನು ಫಕೀರಪ್ಪ.

ಅವನು ಬಾದಾಮಿ ಕಡೆಯವನು. ಕಾರ್ಖಾನೆಯ ಕೆಲಸ, ಇವರ ಹಿತ್ತಿಲ ಕೋಣೆಯಲ್ಲಿ ಬಾಡಿಗೆಗಿದ್ದ. ಭಾನುವಾರ ಬಂತೆಂದರೆ ಗೆಳೆಯರ ಜೊತೆ ಬಂಡೆ ಹತ್ತಲು ಹೊರಡುತ್ತಿದ್ದ. "ರಜಾ ಸಿಕ್ರೆ ಜನ ಮಲೀಕತ್ತಾರೆ, ಇವ್ರು ಬಂಡೆ ತಬ್ಕತ್ತಾರೆ" ಎಂದು ಸೊಣ್ಣಮ್ಮನೇ ಎಷ್ಟೋ ಸಲ ಆಡಿಕೊಂಡಿದ್ದಳು. ಈಗ ಅವನು ಓಡಿಹೋಗಿ ತನ್ನ ಮಂಚದ ಹೊಸ ನವಾರನ್ನು ಬಿಚ್ಚುವಷ್ಟು ಬಿಚ್ಚಿ, ಕುಡುಗೋಲಿನಿಂದ ಕೊಯ್ದು ತಂದ. ಅಂಗೈಯಗಲದ ಪಟ್ಟಿ. ಅದನ್ನು ಎರಡು ಪದರ ಮಾಡಿ, ತುದಿಗಳನ್ನು ಗಂಟು ಹಾಕಲು ಪಿಳ್ಳಪ್ಪನ ಕೈಗೆ ಕೊಟ್ಟು, ತಾನು ಹಗ್ಗವನ್ನು ಬೇವಿನ ಮರಕ್ಕೆ ಎರಡು ಸುತ್ತು ಹಾಕಿ ಬಂದ.

ಪಿಳ್ಳಪ್ಪ ಕಟ್ಟಿದ್ದ ಗಂಟಿನ ಬಾಲವನ್ನು ಫಕೀರಪ್ಪ ಎರಡು ಬೆರಳಲ್ಲಿ ಎಳೆದ. ಸರಕ್ಕನೆ ಬಿಚ್ಚಿಕೊಂಡಿತು. ದಿನವೂ ದನ ಕಟ್ಟುವ ಕೈ. ತನಗರಿವಿಲ್ಲದೆ, ಎಳೆದರೆ ಬಿಚ್ಚುವ ಜೀರುಗುಣಿಕೆ ಹಾಕಿತ್ತು. ಪಿಳ್ಳಪ್ಪ ತನ್ನ ಕೈಯನ್ನೇ ನೋಡಿಕೊಂಡ.

"ನಂಗೆ ಕೊಡಿ ಇಲ್ಲಿ" ಎಂದಳು ಸೊಣ್ಣಮ್ಮ. ಊರಿನ ಅರ್ಧ ಮಂಚಗಳಿಗೆ ನವಾರು ಹೆಣೆದವಳು ಅವಳು. ಫಕೀರಪ್ಪ ಹೇಳಿಕೊಟ್ಟ: ಒಂದು ತುದಿಗೆ ಸಡಿಲ ಗಂಟು, ಆ ತುದಿ ಹೊರಬಂದ ಬಾಯಿಂದಲೇ ಇನ್ನೊಂದು ತುದಿ ಒಳಗೆ ಹೋಗಿ, ಬಂದ ದಾರಿ ಬಿಡದೆ, ತಿರುಚಿಕೊಳ್ಳದೆ, ಮೈಗೆ ಮೈ ಒರಗಿ ಆಚೆ ಬರಬೇಕು. ಬಾಲ ಗೇಣುದ್ದ ಉಳಿಯಬೇಕು. ಅವಳು ಹಾಗೇ ಮಾಡಿದಳು.

ಫಕೀರಪ್ಪ ಬಳೆಯಂತಾದ ಆ ಪಟ್ಟಿಯನ್ನು ತನ್ನ ಬೆನ್ನ ಹಿಂದೆ ಹಿಡಿದು, ಕೆಳಗಿನ ಮಡಿಕೆಯನ್ನು ಕಾಲುಗಳ ನಡುವಿನಿಂದ ಮುಂದಕ್ಕೆಳೆದು, ಎಡ ಬಲದ ಮಡಿಕೆಗಳ ಜೊತೆ ಹೊಕ್ಕುಳ ಹತ್ತಿರ ಕೂಡಿಸಿ ಹಗ್ಗ ಪೋಣಿಸಿದ.

"ಮಗೀಗೆ ಲಂಗೋಟಿ ಕಟ್ದಂಗೈತೆ" ಎಂದ ಪಿಳ್ಳಪ್ಪ. ಯಾರಿಗೂ ನಗು ಬರಲಿಲ್ಲ.

"ಅಕ್ಕಾರ, ನಿಮ್ಮ ಗಂಟಿನ ಮ್ಯಾಲ ಹೊಂಟೀನಿ" ಎಂದು ಫಕೀರಪ್ಪ ಬಾವಿಯೊಳಕ್ಕೆ ಬೆನ್ನು ಮಾಡಿ ಕೂತೇಬಿಟ್ಟ. ದ್ರಾಕ್ಷಿ ಕೊಯ್ಯುತ್ತಿದ್ದ ಎಂಟು ಜನ ಹಿಡಿಹಿಡಿಯಾಗಿ ಹಗ್ಗ ಬಿಟ್ಟರು. ಸೊಣ್ಣಮ್ಮ ಗಂಟನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಭಾರ ಬಿದ್ದಷ್ಟೂ ಅದು ತನ್ನೊಳಗೇ ಕಚ್ಚಿಕೊಂಡು ಚಿಕ್ಕದಾಗುತ್ತಿತ್ತು.

ಕೆಳಗೆ ಅವನು ಮುರಿದ ಕಾಲಿಗೆ ಮೇಲಿನಿಂದ ಇಳಿಬಿಟ್ಟ ಚಪ್ಪರದ ಬಿದಿರ ದಬ್ಬೆ ಕಟ್ಟಿ, ತಾನು ಕಳಚಿದ ಲಂಗೋಟಿಯನ್ನು ಮುನಿಯಣ್ಣನಿಗೆ ತೊಡಿಸಿ, ಹಿಂದಕ್ಕೆ ವಾಲದಂತೆ ಎದೆಗೂ ಹಗ್ಗಕ್ಕೂ ಸೇರಿಸಿ ನವಾರಿನ ಇನ್ನೊಂದು ತುಂಡು ಸುತ್ತಿದ. "ಎಳೀರಿ."

ದಿನವೂ ತಲೆಯ ಮೇಲೆ ವಿಮಾನ ಹಾರುವ ಊರು ಅದು; ಸೊಣ್ಣಮ್ಮ ಕತ್ತೆತ್ತಿ ನೋಡುವುದನ್ನೂ ಬಿಟ್ಟಿದ್ದಳು. ಆದರೆ ಮನುಷ್ಯ ಗಾಳಿಯಲ್ಲಿ ಕೂತುಕೊಂಡು ಬರುವುದನ್ನು ಕಂಡಿರಲಿಲ್ಲ. ಗೋಡೆಯ ಬಿಲಗಳಿಂದ ಪಾರಿವಾಳಗಳು ಎದ್ದು ಅವನ ಸುತ್ತ ಹಾರಿದವು. ಮೊದಲು ಕಂಡದ್ದು ಅವನ ನೆತ್ತಿ. ಇಪ್ಪತ್ತು ವರ್ಷ ಸಂಸಾರ ಮಾಡಿಯೂ ಅಲ್ಲಿ ಕೂದಲು ಉದುರಿದ್ದು ಅವಳಿಗೆ ತಿಳಿದಿರಲಿಲ್ಲ.

"ಏನ್ ನೋಡ್ತೀಯೇ" ಎಂದ ಮುನಿಯಣ್ಣ, ಹಲ್ಲು ಕಚ್ಚಿಕೊಂಡೇ. "ಈ ವಯಸ್ನಾಗೆ ಲಂಗೋಟಿ ಕಟ್ಟಿಸ್ಕಂಡೆ."

ಅವನನ್ನು ದ್ರಾಕ್ಷಿ ಲಾರಿಯಲ್ಲೇ ಆಸ್ಪತ್ರೆಗೆ ಸಾಗಿಸಿದರು. ಫಕೀರಪ್ಪನೂ ಅದೇ ಪಟ್ಟಿಯಲ್ಲಿ ಮೇಲೆ ಬಂದ.

ಹದಿನೈದು ದಿನದ ಮೇಲೆ ಸೊಣ್ಣಮ್ಮ ತುಂಡುಗಳನ್ನು ಹೊಲಿದು ಅವನ ಮಂಚ ಹೆಣೆದುಕೊಟ್ಟಳು. ಕಾಲ ಕಡೆಗೆ ಎರಡು ಮೊಳ ಸಾಲದೆ ಬಂತು.

"ಇರ್ಲಿ ಬಿಡ್ರಿ ಅಕ್ಕಾರ, ಕಾಲಿಗೆ ಗಾಳಿ ಆಡತೈತಿ" ಎಂದ ಫಕೀರಪ್ಪ.

ಆ ಎರಡು ಮೊಳ, ಅವಳು ಬಿಚ್ಚದೆ ಹಾಗೇ ಕತ್ತರಿಸಿ ಇಟ್ಟುಕೊಂಡಿದ್ದ ಗಂಟಿನಲ್ಲಿತ್ತು. ಬಿಚ್ಚಿದರೆ ಸಿಗುತ್ತಿತ್ತು. ಪಿಳ್ಳಪ್ಪ ಗಂಟಿಗೆ ಹಲ್ಲು ಹಚ್ಚಿ ಬಿಚ್ಚಲು ಬಂದಾಗ ಅವಳು ಅದನ್ನು ಕಸಿದುಕೊಂಡು, ಒಯ್ದು ಬಾವಿಯ ರಾಟೆಕಂಬಕ್ಕೆ ನೇತುಹಾಕಿದಳು. ಫಕೀರಪ್ಪನಿಗೆ ಅಷ್ಟು ನವಾರು ಬಾಕಿಯೇ ಉಳಿಯಿತು.