ಬಾವಿಗೆ ಇಳಿದ ಕ್ಯಾಮೆರಾ

ಪಂಚಶೀಲಾ ಎರಡನೇ ರೊಟ್ಟಿ ಬಡಿಯುತ್ತಿದ್ದಾಗ ಗಂಡ ಬುದ್ಧಪ್ರಿಯನಿಗೆ ಫೋನು ಬಂತು. ದೋರನಹಳ್ಳಿಯ ಮರಿಲಿಂಗಪ್ಪನ ಬಾವಿಯಲ್ಲಿ ಹಗ್ಗ ಹರಿದು ಮೋಟರು ತಳ ಸೇರಿತ್ತು. ಪಾತಾಳಗರಡಿಯ ಕೊಕ್ಕೆಗಳಿಗೆ ಸಿಗುತ್ತಿಲ್ಲ, ಬುದ್ಧಪ್ರಿಯನೇ ಬಂದು ಮುಳುಗಬೇಕಂತೆ. ಬಾವಿಗೆ ಬಿದ್ದ ಮೋಟರು ಎತ್ತಿಕೊಡುವುದೇ ಅವನ ಕಸುಬು. ಕತ್ತಲು ನೀರಿನಲ್ಲಿ ಉಸಿರು ಹಿಡಿದು, ಕೈಯಿಂದ ತಡವಿ, ಹಗ್ಗ ಕಟ್ಟಿ ಬರುತ್ತಿದ್ದ.

ಹೋದ ತಿಂಗಳು ಬೇರೊಂದು ಬಾವಿಯಲ್ಲಿ ಹಳೆಯ ಕರೆಂಟ್ ವೈರಿನಲ್ಲಿ ಕಾಲು ಸಿಕ್ಕಿ, ಮೇಲೆ ಬರುವಷ್ಟರಲ್ಲಿ ಅವನ ಮೂಗಿನಿಂದ ರಕ್ತ ಇಳಿಯುತ್ತಿತ್ತು. ಎಂಟು ವರ್ಷದ ಮಗಳು ಪರಿಮಳಾ ಅಂದು ದಡದಲ್ಲಿದ್ದಳು. ಆಮೇಲೆ ಅವಳು ಬಾವಿಯ ಮಾತೇ ಎತ್ತಿಲ್ಲ. ಅಪ್ಪ ಸ್ನಾನಕ್ಕೆ ಹೋದರೂ ಬಚ್ಚಲ ಬಾಗಿಲ ಹೊರಗೆ ಕೂತಿರುತ್ತಾಳೆ.

ಪಂಚಶೀಲಾ ಒಲೆ ಆರಿಸಿದಳು. "ಮೊದಲ ಕ್ಯಾಮೆರಾ ತಗೊಳ್ಳೋಣು. ಅದನ್ನ ಬಾವಿಗೆ ಇಳಿಸಿ ನೋಡ್ರಿ, ಆಮ್ಯಾಲ ನೀವು ಮುಳುಗೋ ಮಾತು."

ಶಹಾಪುರದ ಅಂಗಡಿಯಲ್ಲಿ ಲಾಡ್ಲೇಸಾಬ ದೊಡ್ಡ ಡಬ್ಬಿಯನ್ನೇ ಮುಂದಿಟ್ಟ. ಎಷ್ಟು ಅಲುಗಿದರೂ ಚಿತ್ರ ಅಲುಗುವುದಿಲ್ಲ, ಫೋನಿನಲ್ಲೇ ನೋಡಬಹುದು, ಬಾಯಲ್ಲಿ ಹೇಳಿದರೆ ತಾನೇ ಶುರುವಾಗುತ್ತದೆ ಎಂದ.

"ಹೇಳಿದ್ರ ಕೇಳೋ ಅಂಥಾದು ಇವರಿಗೊಂದು ಹಚ್ಚಿಕೊಡ್ರಿ, ಅಣ್ಣಾರ," ಎಂದು ಅವಳು ಗಂಡನನ್ನು ತೋರಿಸಿದಳು. ಅವನು ನಗಲಿಲ್ಲ. ಮರಿಲಿಂಗಪ್ಪನ ಫೋನು ಮತ್ತೆ ಬಂದಿತ್ತು.

ನೀರೊಳಗಿಂದ ಫೋನಿಗೆ ಕಾಣುತ್ತದೆಯೇ ಎಂದು ಅವಳು ಕೇಳಿದಳು. ಒಂದು ಮೊಳ ಇಳಿದರೆ ಸಿಗ್ನಲ್ ಹೋಗುತ್ತದೆ ಎಂದು ಲಾಡ್ಲೇಸಾಬ ಒಪ್ಪಿಕೊಂಡ. ಒದ್ದೆ ಕೈಯಲ್ಲಿ ಮುಟ್ಟಿದರೆ? ಅದೂ ಭರವಸೆ ಇಲ್ಲ. ಕಪಾಟಿನ ಕೆಳಸಾಲಿನಿಂದ ಅವಳೇ ಒಂದು ಸಣ್ಣದನ್ನು ಎತ್ತಿದಳು. ಒತ್ತುವುದಕ್ಕೆ ಒಂದೇ ಬಟನ್, ಹಿಂದೆ ಚಿಕ್ಕ ಪರದೆ, ನೀರು ಹೋಗದ ಪ್ಲಾಸ್ಟಿಕ್ ಗೂಡು. ಅಗ್ಗದ್ದು, ಇದರಲ್ಲಿ ಏನೂ ಇಲ್ಲ ಎಂದ ಅವನು.

"ತಳ ತೋರಸ್ತದಲ್ಲ, ಸಾಕ್ರಿ."

ಬಾವಿಯ ದಡದಲ್ಲಿ ಕ್ಯಾಮೆರಾವನ್ನೂ ಟಾರ್ಚನ್ನೂ ಒಂದೇ ಹಗ್ಗಕ್ಕೆ ಬಿಗಿದು, ಕಲ್ಲು ಕಟ್ಟಿ ಇಳಿಸಿದರು. ಅಪ್ಪನನ್ನು ಬಿಡದೆ ಜೊತೆಗೆ ಬಂದಿದ್ದ ಪರಿಮಳಾ ಪಕ್ಕದಲ್ಲೇ ನಿಂತಿದ್ದಳು. ಮುಳುಗುವುದು ಬಿಟ್ಟು ಸಿನಿಮಾ ತೆಗೆಯುತ್ತಿದ್ದಾರೆಂದು ಮರಿಲಿಂಗಪ್ಪ ಬಾಡುತ್ತಿದ್ದ ಮೆಣಸಿನ ಗಿಡಗಳತ್ತ ನೋಡಿ ಗೊಣಗಿದ. ಹಗ್ಗ ಮೇಲೆ ಬಂದಾಗ ಅವನೂ ಬಗ್ಗಿದ. ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ ಹಸಿರು ನೀರು, ಕಲ್ಲುಗೋಡೆ, ಆಮೇಲೆ ಮೋಟರು. ಅದು ತಳದ ಹತ್ತಿರ ಗೋಡೆಯ ಪೊಟರೆಯಲ್ಲಿ ಅಡ್ಡ ಸಿಕ್ಕಿತ್ತು. ಸುತ್ತ ಕಪ್ಪು ವೈರು ಉರುಳು ಉರುಳಾಗಿ ತೇಲುತ್ತಿತ್ತು.

ಬುದ್ಧಪ್ರಿಯ ಎರಡು ಸಲ ನೋಡಿ ಕ್ಯಾಮೆರಾ ಮಗಳ ಕೈಗೆ ಕೊಟ್ಟ. ಎಂಜಿನ್ ತರಿಸಿ ಬಾವಿಯ ನೀರು ಹೊರಹಾಕಿ ಮೋಟರು ಎತ್ತಿಸಿರಿ, ಎಂಜಿನ್ ಬರಲು ಎರಡು ದಿನ ಹಿಡಿದರೂ ಹಿಡಿಯಲಿ ಎಂದಳು ಪಂಚಶೀಲಾ. ಗಿಡ ಅಲ್ಲಿತನಕ ತಡೆಯುವುದಿಲ್ಲ ಎಂದ ಮರಿಲಿಂಗಪ್ಪ. "ಜಾಗಾ ಗೊತ್ತಾತಲ್ಲೋ ತಮ್ಮಾ, ಇನ್ನೇನು?"

ಹೆಂಡತಿಯ ಮುಖ ನೋಡದೆ ಬುದ್ಧಪ್ರಿಯ ಅಂಗಿ ಕಳೆದು ಮಗಳ ಕಡೆ ಚಾಚಿದ.

ಪರಿಮಳಾ ಕೈ ಮುಂದೆ ಮಾಡಲಿಲ್ಲ. ಎರಡೂ ಕೈಯಲ್ಲಿ ಕ್ಯಾಮೆರಾ ಹಿಡಿದು, ವೈರಿನ ಚಿತ್ರವನ್ನು ಅಪ್ಪನ ಕಡೆ ತಿರುಗಿಸಿದ್ದಳು.

"ಇದನ್ನ ಕಂಡ ಮ್ಯಾಲೂ ಇಳೀತಿಯೇನಪ್ಪಾ?"