ಇಳಿಜಾರಿನ ನಿಲುಗಡೆ

“ಎಡಗಡಿ ತೋಳು ಒಳಗ ಮಡಚೋ, ಜೋತಾಡ್ತೈತಿ,” ಎಂದರು ಯಾರೋ. ಉಜ್ಜಿನಪ್ಪ ಹೆಣದ ಅಂಗಿಯ ಖಾಲಿ ತೋಳನ್ನು ಮಡಚಿ ಪಿನ್ನು ಚುಚ್ಚಲು ಹೋದ. ಅದು ಅವನ ಹೆಬ್ಬೆರಳಿಗೇ ಚುಚ್ಚಿತು. ಗೋಡೆಗೆ ಒರಗಿಸಿ ಕೂರಿಸಿದ್ದ ಬೊಮ್ಮಪ್ಪನ ಹಣೆ ತುಂಬ ವಿಭೂತಿ. ಏನೋ ತಮಾಷೆ ನೆನಪಾದವನ ಹಾಗೆ ತುಟಿ ಒಂದಿಷ್ಟು ಬಿರಿದಿತ್ತು.

ಗಂಡನ ಮೊಣಕಾಲು ಹಿಡಿದು ಅನ್ನದಾನಮ್ಮ ಹಾಡಿಕೊಂಡು ಅಳುತ್ತಿದ್ದಳು. ಅಳುವಿನಲ್ಲೂ ಬೈಗುಳ ಬಿಟ್ಟಿರಲಿಲ್ಲ.

“ನಿನ್ನ ಎಚ್ಚರಗೇಡಿತನಕ್ಕ ಇಪ್ಪತ್ತೈದು ವರ್ಷ ಎರಡು ಕೈಲೆ ಮೂರು ಕೈ ಕೆಲಸ ಮಾಡಿದೆನಲ್ಲೋ… ಹಳಿ ಮ್ಯಾಲ ಕೈ ಇಟ್ಟು ಯಾವ ಲೋಕದಾಗ ಇದ್ದೆಪ್ಪೋ…”

ಉಜ್ಜಿನಪ್ಪ ಎದ್ದು ಹೊರಗೆ ಬಂದ. ಬೀಡಿ ಹಚ್ಚಿದ, ಎರಡು ದಮ್ಮಿಗೇ ಎಸೆದ. ಒಳಗೆ ಹೋದ. ಅದೇ ಹಾಡು. ಮತ್ತೆ ಹೊರಗೆ ಬಂದು ಬೇವಿನ ಮರದ ಬುಡದಲ್ಲಿ ಕೂತ, ಕೂತಲ್ಲಿ ಕೂರಲಾಗದೆ ಎದ್ದ. ಆಗಲೇ ಅಮರೇಶ್ ಬಂದದ್ದು. ಸಣ್ಣ ರೈಲಿನ ಮ್ಯಾನೇಜರ್.

ಕೂಡ್ಲಿಗಿ ಆಚೆಯ ಗುಡ್ಡದ ಗಣಿ ಮುಚ್ಚಿ, ಅದಿರು ಸಾಗಿಸುತ್ತಿದ್ದ ಸಣ್ಣ ಹಳಿ ಆರೇಳು ವರ್ಷ ತುಕ್ಕು ಹಿಡಿದು ಬಿದ್ದಿತ್ತು. ಆಮೇಲೆ ಯಾರೋ ಆಸ್ಥೆಯುಳ್ಳವರು ಸೇರಿ ಅದನ್ನು ಉಳಿಸಿಕೊಂಡರು. ಹಳೆಯ ಕಲ್ಲಿದ್ದಲ ಇಂಜಿನ್ನಿಗೆ ಜೀವ ಬಂತು. ಭಾನುವಾರ ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯಿಂದ ಜನ ಬಂದು ಗುಡ್ಡದ ಬುಡದವರೆಗೆ ಹೋಗಿ ಬರುತ್ತಿದ್ದರು. ನಡುವೆ ಇಳಿಜಾರಿನಲ್ಲಿ ಗಾಡಿ ನಿಂತಾಗ ಬೊಮ್ಮಪ್ಪ ಮೊಂಡುಗೈ ಎತ್ತಿ, “ನನ್ನ ಕೈ ಇಲ್ಲೇ ಎಲ್ಲೋ ಮರತೀನ್ರಿ, ಸಿಕ್ಕರ ಕೊಡ್ರಿ,” ಎಂದು ನಗಿಸಿ, ತನ್ನ ತಪ್ಪಿನಿಂದ ಕೈ ಹೋದ ಕತೆ ಹೇಳುತ್ತಿದ್ದ.

“ರುದ್ರಭೂಮಿ ಗುಡ್ಡದ ಬುಡದಾಗ ಐತಿ. ಅವರನ್ನ ನಮ್ಮ ಗಾಡ್ಯಾಗ ಒಯ್ಯೋಣ,” ಎಂದ ಅಮರೇಶ್. “ಇಳಿಜಾರಿನಾಗ ಒಂದೆರಡು ನಿಮಿಷ ನಿಲ್ಲಸ್ತೀವಿ. ಅವರ ಕತಿ ನೀವು ಹೇಳ್ರಿ ಅಣ್ಣಾರ.”

“ನನ್ನ ಕೈಲೆ ಆಗಂಗಿಲ್ರಿ.”

“ಹೊಸದೇನು ಹೇಳಬ್ಯಾಡ್ರಿ. ಅವರು ಹೇಳ್ತಿದ್ದದ್ದನ್ನ ಹೇಳಿದ್ರಾತು.”

*

ಎಪ್ಪತ್ತೆಂಟನೇ ಇಸವಿ. ಇಳಿಜಾರಿನಲ್ಲಿ ಅದಿರು ತುಂಬಿದ ಡಬ್ಬಿಗಳು ನಿಂತಾಗ ಗಾಲಿಗೆ ಕಟ್ಟಿಗೆಯ ದಪ್ಪ ತುಂಡು ಅಡ್ಡ ಕೊಡುವುದು ಉಜ್ಜಿನಪ್ಪನ ಕೆಲಸ. ಡಬ್ಬಿಗೆ ಡಬ್ಬಿ ಸರಪಳಿ ಸಿಕ್ಕಿಸುವುದು ಬೊಮ್ಮಪ್ಪನದು. ಆವತ್ತು ಮಧ್ಯಾಹ್ನ ಇಟ್ಟಿಗಿ ಊರಿನ ತವರಿನಲ್ಲಿ ಉಜ್ಜಿನಪ್ಪನ ಹೆಂಡತಿ ಹೆತ್ತ ಸುದ್ದಿ ಬಂತು. ಬಸ್ಸು ತಪ್ಪೀತೆಂದು ಅವನು ಓಡಿದ. ಕಟ್ಟಿಗೆಯಿಲ್ಲದೆ ಗಾಲಿ ಬರಿದಾಗಿಯೇ ಉಳಿಯಿತು.

ಮೂರನೆಯ ದಿನ ಆಸ್ಪತ್ರೆಗೆ ಹೋದರೆ, ಕೈ ಕಳೆದುಕೊಂಡು ಮಲಗಿದ್ದ ಬೊಮ್ಮಪ್ಪನೇ ಮೊದಲು ಮಾತಾಡಿದ.

“ಗಂಡೋ ಹೆಣ್ಣೋ?”

“ಹೆಣ್ಣು.”

“ಸರಪಳಿ ಎಟಕಲಿಲ್ಲಂತ ಕಟ್ಟಿಗಿ ನಾನ ತೆಗದೆ ಅಂತ ಸಾಹೇಬರ ಮುಂದ ಬರಿಸೀನಿ. ಹಸಿ ಬಾಣಂತಿ ಕಟಗೊಂಡು ಕೆಲಸ ಬಿಟ್ಟು ಎಲ್ಲಿಗೆ ಹೋಗ್ತಿ?”

“ಮನ್ಯಾಗ ಅತ್ತಿಗಿಗಾದ್ರೂ ಖರೆ ಹೇಳ್ತೀನಿ.”

“ಹುಚ್ಚ ಅದಿ ಏನಲೇ? ಆಕಿಗೆ ಹೇಳಿದ್ರ ಊರಿಗೆ ಡಂಗುರ ಸಾರಿದಂಗ.”

ಸ್ವಲ್ಪ ದಿನ ಆಗಲಿ ಎಂದುಕೊಂಡ ಉಜ್ಜಿನಪ್ಪ. ಮಗಳು ನಡೆದಳು, ಓದಿದಳು, ಮದುವೆಯಾದಳು. ಗಣಿಯೂ ಮುಚ್ಚಿತು. ದಿನಾ ಸಂಜೆ ಬೊಮ್ಮಪ್ಪನ ಕಟ್ಟೆಯ ಮೇಲೆ ಕೂತು ಅನ್ನದಾನಮ್ಮನ ಕೈಯ ಚಾ ಕುಡಿಯುತ್ತ, ಆಕೆ ಗಂಡನನ್ನು ಬೈಯುವುದನ್ನು ಕೇಳುತ್ತಿದ್ದ. ಬೊಮ್ಮಪ್ಪ ಇವನತ್ತ ನೋಡಿ ಕಣ್ಣು ಮಿಟುಕಿಸುತ್ತಿದ್ದ.

*

ತೆರೆದ ಡಬ್ಬಿಯಲ್ಲಿ, ಕುರ್ಚಿಗೆ ಧೋತರದಿಂದ ಕಟ್ಟಿ ಕೂರಿಸಿದ ಬೊಮ್ಮಪ್ಪ. ಅದರ ಹಿಂದೆ, ಜನ ಕೂರುವ ಪೆಟ್ಟಿಗೆಯಲ್ಲಿ ಅನ್ನದಾನಮ್ಮ, ಉಜ್ಜಿನಪ್ಪ. ಅದರ ಹಿಂದೆ ಊರವರು, ರೈಲು ನೋಡಲು ಬಂದ ಪರಊರವರು. ಡ್ರೈವರ್ ಅಂಜಿನೇಯಲು ನಿಧಾನವಾಗಿಯೇ ಓಡಿಸಿದ. ಆದರೂ ಉಜ್ಜಿನಪ್ಪನಿಗೆ ಮರಗಳು ಬಹಳ ಬೇಗ ಹಿಂದೆ ಸರಿಯುತ್ತಿರುವಂತೆ ಕಂಡಿತು. ಇಳಿಜಾರು ದಾಟಿದರೆ ಮಣ್ಣು. ಮಣ್ಣಾದ ಮೇಲೆ ಯಾರಿಗೆ ಹೇಳುವುದು?

ಗಾಡಿ ನಿಂತಿತು. ಅಮರೇಶ್ ಕಣ್ಸನ್ನೆ ಮಾಡಿದ. ಉಜ್ಜಿನಪ್ಪ ಎದ್ದು ನಿಂತ.

“ಇಲ್ಲೇ… ಬೊಮ್ಮಪ್ಪ ಹೇಳ್ತಿದ್ದ, ಕೈ ಮರತೀನಂತ…”

ಪರಊರವರಲ್ಲಿ ಕೆಲವರು ನಕ್ಕರು. ಆ ನಗು ಕೇಳಿ ಉಜ್ಜಿನಪ್ಪ ಮುಂದಿನ ಡಬ್ಬಿಯಲ್ಲಿದ್ದ ಗೆಳೆಯನತ್ತ ನೋಡಿದ.

“ಅವ ಹೇಳಿದ್ದು ಸುಳ್ಳರಿ. ಗಾಲಿಗೆ ಕಟ್ಟಿಗಿ ಕೊಡಬೇಕಾದವ ನಾನು. ಕೊಡದ ಹೋದೆ. ಡಬ್ಬಿ ಉರುಳ್ತು. ಅವ ತನ್ನ ಮ್ಯಾಲ ಹಾಕ್ಕೊಂಡ.” ಅನ್ನದಾನಮ್ಮನ ಕಡೆ ತಿರುಗಿದ. “ಅತ್ತಿಗೀ, ಅವ ಎಚ್ಚರಗೇಡಿ ಅಲ್ಲ.”

ಆಕೆ ಅವನನ್ನೇ ನೋಡಿದಳು.

“ಮತ್ತ ನಾ ಇಷ್ಟು ವರ್ಷ ಯಾರನ್ನ ಬೈದೆನೋ?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಪೆಟ್ಟಿಗೆಯಿಂದ ಇಳಿದು ಮುಂದಿನ ಡಬ್ಬಿ ಹತ್ತಿದಳು. ಇಂಜಿನ್ನಿನ ಮಸಿ ಬೊಮ್ಮಪ್ಪನ ವಿಭೂತಿಯ ಮೇಲೆಲ್ಲ ಕೂತಿತ್ತು. ಸೆರಗಿನಿಂದ ಅವನ ಹಣೆ, ಕೆನ್ನೆ, ಕಿವಿ ಒರೆಸತೊಡಗಿದಳು. ಒರೆಸಿದಲ್ಲೇ ಮತ್ತೆ ಮತ್ತೆ ಒರೆಸಿದಳು. ಅಂಜಿನೇಯಲು ಲಿವರ್ ಮುಟ್ಟದೆ ಕಾದ. ಧೋತರದ ಗಂಟು ಸಡಿಲಾಗಿ ಹೆಣ ಇಳಿಜಾರಿನ ಕಡೆಗೆ ಮೆಲ್ಲಗೆ ವಾಲಿತು.

“ನೋಡ್ಕೋತ ನಿಂತಿಯೇನು?” ಎಂದಳು ಅನ್ನದಾನಮ್ಮ ತಿರುಗದೆಯೇ. “ಬಾ ಇಲ್ಲಿ. ಹಿಡಕೋ, ಬೀಳ್ತಾನ.”

ಉಜ್ಜಿನಪ್ಪ ಡಬ್ಬಿ ಹತ್ತಿ ಕುರ್ಚಿಯ ಹಿಂದೆ ಮೊಣಕಾಲೂರಿ, ಗೆಳೆಯನ ಎರಡೂ ಭುಜ ತಬ್ಬಿ ಹಿಡಿದ. ಗಾಡಿ ಜಗ್ಗಿ ಹೊರಟಿತು. ಹಳಿಯ ಪ್ರತಿ ಜೋಡಣೆಯ ಕುಲುಕಿಗೂ ತಣ್ಣನೆಯ ತಲೆ ಹಿಂದಕ್ಕೆ ಬಂದು ಅವನ ಎದೆಗೆ ತಾಗುತ್ತಿತ್ತು.